ಬಸುರಿಗೆ ‘ಇವತ್ತೇ ಬಿಡು’ ಎಂದರೆ ಸಾಕೇ? ತಂಬಾಕು, ಸೇಂದಿ ಮತ್ತು ಬಾಣಂತನದ ಆರೈಕೆ

ಬಸುರಿಯೊಬ್ಬಳು ತಂಬಾಕು ತಿನ್ನುತ್ತಾಳೆ ಅಥವಾ ಸೇಂದಿ ಕುಡಿಯುತ್ತಾಳೆ ಎಂದು ಗೊತ್ತಾದಾಗ ಸುತ್ತಲಿನವರಿಂದ ಸಾಮಾನ್ಯವಾಗಿ ಎರಡು ಮಾತು ಬರುತ್ತವೆ. ಒಂದು, ‘ಏನಾಗಲ್ಲ ಬಿಡು, ನಮ್ಮವ್ವನೂ ತಿಂತಿದ್ಲು, ನಾವೆಲ್ಲ ಚೆಂದಾಗೇ ಅದೀವಿ.’ ಇನ್ನೊಂದು, ‘ಹೊಟ್ಟ್ಯಾಗ ಕೂಸು ಇಟ್ಕೊಂಡು ಇದೇನಿದು? ಇವತ್ತೇ ಬಿಟ್ಟುಬಿಡು.’

ಮೊದಲನೆಯ ಮಾತು ತಪ್ಪು ಎಂದು ಹೆಚ್ಚಿನವರಿಗೆ ಗೊತ್ತಿದೆ. ಎರಡನೆಯದು ಕೇಳಲು ಸರಿಯಾಗಿಯೇ ಇದೆ. ತಂಬಾಕಿನ ವಿಷಯದಲ್ಲಿ ಅದು ನಿಜಕ್ಕೂ ಸರಿ. ಆದರೆ ದಿನವೂ ಮದ್ಯ ಅಥವಾ ಕಲಬೆರಕೆ ಸೇಂದಿ ಕುಡಿಯುವ ಹೆಣ್ಣುಮಗಳಿಗೆ ಅದೇ ಮಾತು ಹೇಳಿ ಮನೆಯಲ್ಲಿ ಕೂರಿಸಿದರೆ ತಾಯಿ ಮತ್ತು ಕೂಸು ಇಬ್ಬರ ಜೀವಕ್ಕೂ ಅಪಾಯವಾಗಬಹುದು. ಯಾವುದನ್ನು ಥಟ್ಟನೆ ಬಿಡಬಹುದು, ಯಾವುದನ್ನು ವೈದ್ಯರ ಕಣ್ಣೆದುರು ಬಿಡಬೇಕು, ಹೆರಿಗೆಯಾದ ಮೇಲೆ ಏನು ಮಾಡಬೇಕು ಎನ್ನುವುದನ್ನು ಒಂದೊಂದಾಗಿ ನೋಡೋಣ.

ಇದು ನಮ್ಮ ಕಡೆಯ ಸಮಸ್ಯೆಯೇ?

‘ಮಾದಕ ವಸ್ತು’ ಎಂದ ಕೂಡಲೇ ಬೆಂಗಳೂರು, ಮುಂಬೈಯಂಥ ಮಹಾನಗರಗಳ ಪಾರ್ಟಿಗಳು ನೆನಪಾಗುತ್ತವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಅವಲಂಬನೆ ಎನ್ನುವುದು ಬೇರೆಯೇ ರೂಪದಲ್ಲಿದೆ. ಇಲ್ಲಿ ಅದು ಸೆರಗಿನ ಗಂಟಿನಲ್ಲಿರುವ ತಂಬಾಕು ಮತ್ತು ಸುಣ್ಣದ ಡಬ್ಬಿ, ಬೆಳಿಗ್ಗೆ ಹಲ್ಲು ತಿಕ್ಕುವ ಮಿಶ್ರಿ, ಗೂಡಂಗಡಿಯ ಗುಟ್ಕಾ ಚೀಟಿ, ಸಂಜೆಯ ಸೇಂದಿ, ಕಳ್ಳಭಟ್ಟಿ ಸಾರಾಯಿ. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರಲ್ಲಿ, ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಕಾನೂನು ಬಂದರೂ ದೇಹಕ್ಕೆ ಅಂಟಿದ ಅಭ್ಯಾಸ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಕಾರಣಗಳನ್ನು ಬದುಕಿನ ರೀತಿಯಲ್ಲೇ ಹುಡುಕಬೇಕು. ಶಹಾಬಾದ್ ಕಲ್ಲಿನ ಗಣಿ, ಸಿಮೆಂಟು ಕಾರ್ಖಾನೆಗಳ ಸುತ್ತಲಿನ ಗುತ್ತಿಗೆ ಕೂಲಿ, ತೊಗರಿ ಹೊಲದ ಕೆಲಸ, ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ. ಬಿಸಿಲಿನಲ್ಲಿ ಹೊತ್ತಿಗೆ ಸರಿಯಾಗಿ ಊಟವಿಲ್ಲದೆ ದುಡಿಯುವ ಹೆಂಗಸಿಗೆ ಒಂದು ಚಿಟಿಕೆ ತಂಬಾಕು ಹಸಿವನ್ನೂ ದಣಿವನ್ನೂ ಸ್ವಲ್ಪ ಹೊತ್ತು ಮರೆಸುತ್ತದೆ. ಅದು ಅವಳಿಗೆ ಮೋಜಿನ ವಸ್ತುವಾಗಿ ಸಿಕ್ಕದ್ದಲ್ಲ, ಕೆಲಸದ ಜೊತೆಗೆ ಬಂದದ್ದು.

ದೇಶದ ಅಂಕಿಗಳೂ ಇದನ್ನೇ ಹೇಳುತ್ತವೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಹೆಂಗಸರಲ್ಲಿ ಬೀಡಿ, ಸಿಗರೇಟು ಸೇದುವವರು ಸುಮಾರು ಶೇ 2. ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 12.8. ಮದ್ಯದ ವಿಷಯದಲ್ಲಿ, 2019ರಲ್ಲಿ ದೆಹಲಿಯ ಏಮ್ಸ್ ನೇತೃತ್ವದಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೆಂಗಸರಲ್ಲಿ ಶೇ 1.6, ಗಂಡಸರಲ್ಲಿ ಶೇ 27.3 ಎಂದು ಲೆಕ್ಕ ಹಾಕಿತು. ಹೆಂಗಸರ ಸಂಖ್ಯೆ ಕಡಿಮೆ ಎಂಬುದು ನಿಜ. ಆದರೆ ಮನೆ ಬಾಗಿಲಿಗೆ ಬಂದ ಅಪರಿಚಿತರ ಮುಂದೆ ‘ನಾನು ಕುಡಿಯುತ್ತೇನೆ’ ಎಂದು ಹೇಳುವುದು ಗಂಡಸಿಗೆ ಸುಲಭ, ಹೆಂಗಸಿಗೆ ಕಷ್ಟ ಎಂಬುದನ್ನೂ ಈ ಅಂಕಿಯ ಪಕ್ಕದಲ್ಲಿ ಇಟ್ಟುಕೊಂಡು ಓದಬೇಕು.

ಚಟವೋ, ಕಾಯಿಲೆಯೋ?

ನಿಕೋಟಿನ್, ಮದ್ಯ, ನಿದ್ರೆ ತರಿಸುವ ಔಷಧಿಗಳು ಮಿದುಳಿನ ಮೇಲೆ ನೇರವಾಗಿ ಕೆಲಸ ಮಾಡುತ್ತವೆ. ದಿನವೂ ಬಳಸಿದಾಗ ಮಿದುಳು ಆ ವಸ್ತು ಇದ್ದೇ ಇರುತ್ತದೆ ಎಂದು ತನ್ನನ್ನು ಹೊಂದಿಸಿಕೊಳ್ಳುತ್ತದೆ. ನಂತರ ಅದು ಸಿಗದಿದ್ದಾಗ ಸಿಡಿಮಿಡಿ, ಬೆವರು, ನಡುಕ, ನಿದ್ರೆಯಿಲ್ಲದಿರುವುದು, ತಲೆನೋವು ಶುರುವಾಗುತ್ತವೆ. ಬಿಡಬೇಕೆಂಬ ಆಸೆ ಇದ್ದರೂ ಬಿಡಲಾಗದ ಸ್ಥಿತಿ ಇದು. ವೈದ್ಯಶಾಸ್ತ್ರ ಇದನ್ನು ಅವಲಂಬನೆಯ ಕಾಯಿಲೆ ಎನ್ನುತ್ತದೆ.

‘ಹೊಟ್ಟೆಯಲ್ಲಿರುವ ಕೂಸಿನ ಮೇಲೆ ಪ್ರೀತಿ ಇದ್ದರೆ ಬಿಡುತ್ತಿದ್ದಳು’ ಎನ್ನುವ ಮಾತು ಇಲ್ಲಿ ಸೋಲುತ್ತದೆ. ಸಕ್ಕರೆ ಕಾಯಿಲೆ ಇರುವ ಬಸುರಿಗೆ ‘ಕೂಸಿನ ಮೇಲೆ ಪ್ರೀತಿ ಇದ್ದರೆ ಸಕ್ಕರೆ ಇಳಿಸಿಕೋ’ ಎಂದು ಹೇಳಿ ಸುಮ್ಮನಾಗುವುದಿಲ್ಲ. ಊಟ, ಮಾತ್ರೆ, ತಪಾಸಣೆ ಎಲ್ಲವನ್ನೂ ಒದಗಿಸುತ್ತೇವೆ. ಅದೇ ಕ್ರಮ ಇಲ್ಲೂ ಬೇಕು.

ತಂಬಾಕು: ಥಟ್ಟನೆ ಬಿಟ್ಟರೆ ಅಪಾಯವಿಲ್ಲ

ತಂಬಾಕನ್ನು ಸೇದಿದರೂ, ತಿಂದರೂ, ಹಲ್ಲಿಗೆ ತಿಕ್ಕಿದರೂ ನಿಕೋಟಿನ್ ರಕ್ತ ಸೇರುತ್ತದೆ. ಅದು ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ. ಕೂಸಿಗೆ ಆಹಾರ, ಆಮ್ಲಜನಕ ಹೋಗುವುದು ಕಸದ, ಅಂದರೆ ಪ್ಲಾಸೆಂಟಾದ ಮೂಲಕ. ಅಲ್ಲಿಗೆ ರಕ್ತದ ಹರಿವು ಕಡಿಮೆಯಾದರೆ ಕೂಸಿನ ಬೆಳವಣಿಗೆ ಕುಂಠಿತವಾಗುತ್ತದೆ.

ಈ ಬಗ್ಗೆ ನಮ್ಮ ಪಕ್ಕದ ರಾಜ್ಯದಲ್ಲೇ ಒಳ್ಳೆಯ ಅಧ್ಯಯನ ನಡೆದಿದೆ. ಪ್ರಕಾಶ್ ಗುಪ್ತಾ ಮತ್ತು ಶ್ರೀವಿದ್ಯಾ ಸುಬ್ರಮಣಿ ಮುಂಬೈಯ 1217 ಬಸುರಿಯರನ್ನು ಹೆರಿಗೆಯವರೆಗೆ ಹಿಂಬಾಲಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ತಂಬಾಕು ಬಳಸುತ್ತಿದ್ದವರ ಪೈಕಿ ಹೆಚ್ಚಿನವರು ಬಳಸುತ್ತಿದ್ದುದು ಮಿಶ್ರಿ. ಅವರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು, ಹೆರಿಗೆ ಸರಾಸರಿ 6 ದಿನ ಮೊದಲೇ ಆಗಿತ್ತು. ಅದೇ ಅಧ್ಯಯನದ ಮುಂದಿನ ಭಾಗದಲ್ಲಿ, ಹೊಟ್ಟೆಯಲ್ಲೇ ಕೂಸು ಸಾಯುವ ಅಪಾಯ ತಂಬಾಕು ಬಳಸುವವರಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು ಕಂಡುಬಂತು.

105 ಗ್ರಾಂ ಏನು ಮಹಾ ಎನ್ನಿಸಬಹುದು. ತೂಕ ಮೂರು ಕಿಲೋ ಇರುವ ಕೂಸಿಗೆ ಅದು ದೊಡ್ಡದಲ್ಲ. ಆದರೆ 2.5 ಕಿಲೋ ಗಡಿಯಲ್ಲಿರುವ ಕೂಸನ್ನು ಅಷ್ಟೇ ಗ್ರಾಂ ಕೆಳಕ್ಕೆ ತಳ್ಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಬಸುರಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆ ಇದೆ. ರಕ್ತಹೀನತೆ, ಅರೆಹೊಟ್ಟೆ, ತಂಬಾಕು ಮೂರೂ ಒಂದೇ ಮೈಯಲ್ಲಿ ಸೇರಿದಾಗ ಕೂಸು ಆ ಗಡಿ ದಾಟುವುದು ಕಷ್ಟ.

ಈಗ ಕೆಲವು ನಂಬಿಕೆಗಳನ್ನು ನೋಡೋಣ.

*‘ತಂಬಾಕು ತಿಂದರೆ ವಾಂತಿ ನಿಲ್ಲುತ್ತದೆ.’* ಅಭ್ಯಾಸವಿರುವವಳಿಗೆ ತಂಬಾಕು ಸಿಗದಿದ್ದಾಗ ಆಗುವ ಸಂಕಟ, ಸಿಕ್ಕಾಗ ಇಳಿಯುತ್ತದೆ. ಅದನ್ನೇ ಔಷಧಿ ಎಂದು ತಿಳಿಯುತ್ತೇವೆ. ಬಸುರಿನ ವಾಂತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸುರಕ್ಷಿತ ಮಾತ್ರೆಗಳಿವೆ.

*‘ಕೂಸು ಸಣ್ಣದಿದ್ದರೆ ಹೆರಿಗೆ ಸಲೀಸು.’* ಸಣ್ಣ ಕೂಸು ಹೊರಬರುವುದು ಸುಲಭವೆನಿಸಬಹುದು, ಬದುಕುವುದು ಸುಲಭವಲ್ಲ. ಮೈ ಬಿಸಿ ಕಾಪಾಡಿಕೊಳ್ಳುವುದು, ಹಾಲು ಚೀಪುವುದು, ಸೋಂಕಿನ ಜೊತೆ ಹೋರಾಡುವುದು ಎಲ್ಲದರಲ್ಲೂ ಅದು ಹಿಂದೆ ಬೀಳುತ್ತದೆ.

*‘ತಂಬಾಕು ಬಿಟ್ಟು ಬರೀ ಎಲೆ ಅಡಿಕೆ ಹಾಕಿಕೊಂಡರೆ ಆಯಿತು.’* ಅಡಿಕೆಯಲ್ಲೂ ಅವಲಂಬನೆ ತರುವ ಅಂಶವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಾಯಿಗೆ ಏನಾದರೂ ಬೇಕೆನಿಸಿದರೆ ಬಡೆಸೋಪು, ಪುಟಾಣಿ, ಶೇಂಗಾ ಸಾಕು. ಹೊಟ್ಟೆಗೂ ಒಂದಿಷ್ಟು ಹೋಗುತ್ತದೆ.

*‘ಈಗಾಗಲೇ ಆರು ತಿಂಗಳಾಯಿತು, ಇನ್ನು ಬಿಟ್ಟರೇನು ಫಲ?’* ಯಾವ ತಿಂಗಳಲ್ಲಿ ಬಿಟ್ಟರೂ ಲಾಭವಿದೆ. ಕೂಸಿನ ತೂಕ ಹೆಚ್ಚಾಗುವುದೇ ಕೊನೆಯ ಮೂರು ತಿಂಗಳಲ್ಲಿ. ಸಿಗರೇಟು ಸೇದುವವರ ಮೇಲೆ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 15 ವಾರಕ್ಕೆ ಮೊದಲೇ ಬಿಟ್ಟವರ ಫಲಿತಾಂಶ ಎಂದೂ ಸೇದದವರ ಹತ್ತಿರ ಹತ್ತಿರಕ್ಕೆ ಬಂದಿತ್ತು. ಬೇಗ ಬಿಟ್ಟಷ್ಟೂ ಒಳ್ಳೆಯದು, ತಡವಾದರೂ ನಷ್ಟವಿಲ್ಲ.

ತಂಬಾಕು ಬಿಟ್ಟಾಗ ಮೊದಲ ಎರಡು ಮೂರು ದಿನ ತುಂಬ ಕಷ್ಟ. ಸಿಟ್ಟು, ಚಡಪಡಿಕೆ, ಮಲಬದ್ಧತೆ ಬರಬಹುದು. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಇದರಿಂದ ಫಿಟ್ಸ್ ಬರುವುದಿಲ್ಲ, ಕೂಸಿಗೆ ಕೆಡುಕಿಲ್ಲ. ಹಾಗಾಗಿ ತಂಬಾಕಿಗೆ ‘ಇವತ್ತೇ ಬಿಡು’ ಎನ್ನಬಹುದು. ಜೊತೆಗೆ ಆ ಮೂರು ದಿನ ಅವಳ ಕೆಲಸ ಹಗುರ ಮಾಡಬೇಕು, ಅವಳ ಎದುರು ಮನೆಯವರು ತಂಬಾಕು ಉಜ್ಜಬಾರದು. ನಿಕೋಟಿನ್ ಗಮ್‌ನಂಥ ಔಷಧಿಗಳನ್ನು ಬಸುರಿಯರು ವೈದ್ಯರ ಸಲಹೆಯಿಲ್ಲದೆ ತೆಗೆದುಕೊಳ್ಳಬಾರದು. ಅವರಿಗೆ ಮೊದಲ ಚಿಕಿತ್ಸೆ ಆಪ್ತ ಸಮಾಲೋಚನೆ.

ಸೇಂದಿ ಮತ್ತು ಮದ್ಯ: ಥಟ್ಟನೆ ಬಿಡಿಸುವುದೇ ಅಪಾಯ

ಬಸುರಿಯಲ್ಲಿ ಮದ್ಯಕ್ಕೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ. ತಾಯಿಯ ರಕ್ತದಿಂದ ಮದ್ಯ ನೇರವಾಗಿ ಕೂಸಿಗೆ ಹೋಗುತ್ತದೆ, ಅದನ್ನು ಕರಗಿಸುವ ಶಕ್ತಿ ಕೂಸಿನ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. 1968ರಲ್ಲಿ ಫ್ರಾನ್ಸಿನ ಪಾಲ್ ಲೆಮ್ವಾನ್, 1973ರಲ್ಲಿ ಅಮೆರಿಕದ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದರ ಪರಿಣಾಮಗಳನ್ನು ವಿವರಿಸಿದರು. ಮುಖದ ಕೆಲವು ಲಕ್ಷಣಗಳು, ಕಡಿಮೆ ಬೆಳವಣಿಗೆ, ಮುಂದೆ ಕಲಿಕೆ ಮತ್ತು ನಡವಳಿಕೆಯ ತೊಂದರೆಗಳು ಇದರಲ್ಲಿ ಸೇರಿವೆ.

ಹಾಗಾದರೆ ಇವತ್ತೇ ನಿಲ್ಲಿಸಬೇಕಲ್ಲವೇ? ಅಪರೂಪಕ್ಕೆ ಕುಡಿಯುವವಳು ಇವತ್ತೇ ನಿಲ್ಲಿಸಬಹುದು, ನಿಲ್ಲಿಸಬೇಕು. ದಿನವೂ ಕುಡಿಯುವವಳ, ಬೆಳಿಗ್ಗೆ ಎದ್ದಾಗ ಕೈ ನಡುಗುವವಳ ವಿಷಯ ಬೇರೆ. ಮದ್ಯ ಮಿದುಳಿನ ವೇಗಕ್ಕೆ ಬ್ರೇಕು ಹಾಕುತ್ತದೆ. ವರ್ಷಗಟ್ಟಲೆ ಆ ಬ್ರೇಕಿಗೆ ಹೊಂದಿಕೊಂಡ ಮಿದುಳಿನಿಂದ ಅದನ್ನು ಒಮ್ಮೆಲೇ ತೆಗೆದರೆ ಮಿದುಳು ಹಿಡಿತ ತಪ್ಪುತ್ತದೆ. ಕೊನೆಯ ಗುಟುಕಿನ ಕೆಲವು ಗಂಟೆಗಳಲ್ಲಿ ನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್. ಎರಡು ಮೂರು ದಿನಕ್ಕೆ ಕೆಲವರಲ್ಲಿ ಗೊಂದಲ, ಇಲ್ಲದ್ದನ್ನು ಕಾಣುವುದು, ಜ್ವರ. ಬಸುರಿಗೆ ಫಿಟ್ಸ್ ಬಂದರೆ ಕೂಸಿಗೆ ಆಮ್ಲಜನಕ ತಪ್ಪುತ್ತದೆ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯ 2014ರ ಮಾರ್ಗಸೂಚಿ, ಮದ್ಯಕ್ಕೆ ಅವಲಂಬಿತಳಾದ ಬಸುರಿಗೆ ಆಸ್ಪತ್ರೆಯಲ್ಲಿ ದಾಖಲಿಸಿ, ನಿಗಾ ಇಟ್ಟು, ಅಲ್ಪಾವಧಿಗೆ ಔಷಧಿ ಕೊಟ್ಟು ಬಿಡಿಸಬೇಕು ಎನ್ನುತ್ತದೆ.

ತೆಲಂಗಾಣದ ಗಡಿಗೆ ಅಂಟಿದ ಸೇಡಂ, ಚಿಂಚೋಳಿ ಭಾಗದಲ್ಲಿ ಇನ್ನೊಂದು ತೊಡಕಿದೆ. ಮರದಿಂದ ಇಳಿಸಿದ ಸೇಂದಿ ಎಲ್ಲರಿಗೂ ಸಾಲುವುದಿಲ್ಲ. ಹಾಗಾಗಿ ನೀರಿಗೆ ಸಕ್ಕರೆ, ಸ್ಯಾಕರಿನ್ ಜೊತೆಗೆ ‘ಸಿ.ಎಚ್. ಪೌಡರ್’ ಬೆರೆಸಿ ಮಾರುವ ದಂಧೆ ಬಹಳ ಕಾಲದಿಂದ ಇದೆ. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್. 1869ರಿಂದ ನಿದ್ರೆ ಔಷಧಿಯಾಗಿ ಬಳಕೆಗೆ ಬಂದ ರಾಸಾಯನಿಕ ಅದು. ಅಲ್ಪ್ರಜೋಲಾಂ, ಡಯಾಜಿಪಾಂ ಎಂಬ ನಿದ್ರೆ ಮಾತ್ರೆಗಳನ್ನು ಬೆರೆಸುವುದೂ ಉಂಟು. ‘ಸೇಂದಿ ತಂಪು, ಮರದ ಹಾಲು, ಏನಾಗಲ್ಲ’ ಎಂದುಕೊಂಡು ಕುಡಿಯುವವಳಿಗೆ ತಾನು ದಿನವೂ ನಿದ್ರೆ ಮಾತ್ರೆ ನುಂಗುತ್ತಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಅವಳ ವೈದ್ಯರಿಗೂ ಗೊತ್ತಾಗುವುದಿಲ್ಲ.

ಇಂಥ ಸೇಂದಿ ಒಮ್ಮೆಲೇ ನಿಂತರೆ ಏನಾಗುತ್ತದೆ ಎಂಬುದನ್ನು ತೆಲಂಗಾಣ 2015ರಲ್ಲಿ ಕಂಡಿತು. ಕಲಬೆರಕೆ ಸೇಂದಿಯ ಮೇಲೆ ಸರ್ಕಾರ ಬಿಗಿ ಕ್ರಮ ಕೈಗೊಂಡಾಗ ನಿಜಾಮಾಬಾದ್, ಮಹಬೂಬ್‌ನಗರದ ಕಡೆ ಬಹಳ ಮಂದಿ ಫಿಟ್ಸ್, ವಿಚಿತ್ರ ವರ್ತನೆ, ನಡುಕದಿಂದ ಆಸ್ಪತ್ರೆ ಸೇರಿದರು. 2020ರ ಲಾಕ್‌ಡೌನ್‌ನಲ್ಲಿ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಯಲ್ಲೂ ಇದೇ ದೃಶ್ಯ ಮರುಕಳಿಸಿತು. ಬಸುರಿನ ಸಮಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ‘ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವ’ ಪ್ರಯತ್ನಗಳು ಅದರ ಸಣ್ಣ ರೂಪ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಬಸುರಿಗೆ ಫಿಟ್ಸ್ ಬಂದರೆ ಅದು ರಕ್ತದೊತ್ತಡ ಏರಿ ಬರುವ ನಂಜಿನ ಫಿಟ್ಸ್ ಕೂಡ ಆಗಿರಬಹುದು. ಎರಡೂ ತುರ್ತು, ಚಿಕಿತ್ಸೆ ಬೇರೆ. ಆಸ್ಪತ್ರೆಗೆ ಕರೆದೊಯ್ಯುವವರು ‘ದಿನಾ ಸೇಂದಿ ಕುಡೀತಿದ್ಲು, ಮೂರು ದಿನದಿಂದ ಬಿಡಿಸೀವಿ’ ಎಂದು ಹೇಳಿದರೆ ವೈದ್ಯರಿಗೆ ಅರ್ಧ ದಾರಿ ಸಿಕ್ಕಂತೆ. ಮುಚ್ಚಿಟ್ಟರೆ ಅಮೂಲ್ಯ ಗಂಟೆಗಳು ಹೋಗುತ್ತವೆ.

ಇನ್ನು ಗೋಡೆ ಬರಹಗಳಲ್ಲಿ ಕಾಣುವ ‘ಕುಡಿತ ಬಿಡಿಸುವ ಪುಡಿ’. ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಎನ್ನುತ್ತಾರೆ. ಅದರಲ್ಲಿ ಡೈಸಲ್ಫಿರಾಂ ಎಂಬ ಔಷಧಿ ಇದ್ದರೆ, ಅದರ ಮೇಲೆ ಮದ್ಯ ಬಿದ್ದಾಗ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ ಆಗುತ್ತದೆ. ಅವಲಂಬನೆ ಇರುವ ಬಸುರಿಗೆ ಕೊಡಬಾರದ ಔಷಧಿ ಅದು. ಹೇಳದೆ ಕೊಡುವುದಂತೂ ಯಾರಿಗೂ ಸಲ್ಲದು.

ಬೈದರೆ ಬಿಡುತ್ತಾಳೆಯೇ?

ಸಂವಹನ ಓದಿದವಳಾದ ನನಗೆ ಈ ವಿಷಯದಲ್ಲಿ ಮುಖ್ಯವೆನಿಸುವುದು ಪ್ರಶ್ನೆ ಕೇಳುವ ರೀತಿ. ಅತ್ತೆ, ಗಂಡ, ಪಕ್ಕದ ಮನೆಯವರು ನಿಂತಿರುವಾಗ ‘ಕುಡೀತೀಯೇನು? ತಂಬಾಕ ತಿಂತೀಯೇನು?’ ಎಂದು ಕೇಳಿದರೆ ಉತ್ತರ ‘ಇಲ್ರೀ’ ಎಂದೇ ಬರುತ್ತದೆ. ಕಾರ್ಡಿನಲ್ಲಿ ಅಷ್ಟೇ ದಾಖಲಾಗುತ್ತದೆ, ಆ ಬಸುರಿನ ಉಳಿದ ತಿಂಗಳುಗಳಿಗೆ ಬಾಗಿಲು ಮುಚ್ಚುತ್ತದೆ.

ಅದೇ ಮಾತನ್ನು ಒಬ್ಬಳೇ ಇರುವಾಗ ಹೀಗೆ ಕೇಳಬಹುದು: ‘ತಂಗಿ, ಬಸುರಿದ್ದಾಗ ತಂಬಾಕ, ಸೇಂದಿ ಬಿಡ್ಲಿಕ್ಕ ಭಾಳ ತ್ರಾಸ ಆಗ್ತದ ಅಂತ ಎಷ್ಟೋ ಮಂದಿ ಹೇಳ್ತಾರ. ನಿಂದು ಹ್ಯಾಂಗದ?’ ಇದರಲ್ಲಿ ಆರೋಪವಿಲ್ಲ. ತನ್ನಂಥವರು ಬೇರೆಯವರೂ ಇದ್ದಾರೆ ಎಂಬ ಸಮಾಧಾನವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಮೊದಲ ಶಿಫಾರಸು ಕೂಡ ಇದಕ್ಕೆ ಹತ್ತಿರವಾದದ್ದೇ. ಅನುಮಾನ ಬಂದವರನ್ನಷ್ಟೇ ಅಲ್ಲದೆ ಎಲ್ಲ ಬಸುರಿಯರನ್ನೂ, ಪ್ರತಿ ತಪಾಸಣೆಯಲ್ಲೂ ಕೇಳಬೇಕು. ಎಲ್ಲರನ್ನೂ ಕೇಳಿದಾಗ ಯಾರಿಗೂ ಅವಮಾನವಾಗುವುದಿಲ್ಲ. ‘ತಾಂಡಾದವರು’, ‘ಕಲ್ಲು ಒಡೆಯುವವರು’ ಎಂದು ಆರಿಸಿ ಕೇಳಿದಾಗ ಅವಮಾನವೂ ಆಗುತ್ತದೆ, ಊರ ನಡುವಿನ ದೊಡ್ಡ ಮನೆಯಲ್ಲಿ ನಿದ್ರೆ ಮಾತ್ರೆಗೆ ಅಂಟಿಕೊಂಡ ಬಸುರಿ ಕೈತಪ್ಪಿಯೂ ಹೋಗುತ್ತಾಳೆ.

ಭಯ ಹುಟ್ಟಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಟೆನೆಸಿ ರಾಜ್ಯ ಉದಾಹರಣೆ. ಬಸುರಿನಲ್ಲಿ ಮಾದಕ ವಸ್ತು ಬಳಸಿ ಕೂಸಿಗೆ ತೊಂದರೆಯಾದರೆ ತಾಯಿಯ ಮೇಲೆ ಮೊಕದ್ದಮೆ ಹೂಡಬಹುದಾದ ಕಾನೂನನ್ನು ಅದು 2014ರಲ್ಲಿ ತಂದಿತು. ಚಿಕಿತ್ಸೆಗೆ ಬರಬೇಕಾದ ಹೆಂಗಸರು ಆಸ್ಪತ್ರೆಯಿಂದಲೇ ದೂರ ಉಳಿಯತೊಡಗಿದರು ಎಂದು ವೈದ್ಯರು ಹೇಳಿದರು. ಎರಡು ವರ್ಷದ ಅವಧಿ ಮುಗಿದಾಗ, 2016ರಲ್ಲಿ, ರಾಜ್ಯ ಅದನ್ನು ಮುಂದುವರಿಸಲಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಮೃದುವಾಗಿದೆ, ಗೊತ್ತಿರುವವರು ಕಡಿಮೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಚಿಕಿತ್ಸೆ ಪಡೆಯುವ ಹಕ್ಕು, ಗುಟ್ಟು ಕಾಪಾಡುವ ಹಕ್ಕು ಅವಳಿಗಿದೆ. ಮಾನಸಿಕ ಚಿಕಿತ್ಸಾ ಸಂಸ್ಥೆಯಲ್ಲಿ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಕೂಸನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಕೂಸಿಗೆ ಅಪಾಯವಿದ್ದರೆ ಮಾತ್ರ ವಿನಾಯಿತಿ. ‘ಹೇಳಿದರೆ ಕೂಸನ್ನು ಕಿತ್ತುಕೊಳ್ಳುತ್ತಾರೆ’ ಎಂಬ ಹೆದರಿಕೆಗೆ ಇದೇ ಉತ್ತರ.

ಬಾಣಂತನ: ಎಲ್ಲರೂ ಮರೆಯುವ ತಿಂಗಳುಗಳು

ಕೂಸಿಗಾಗಿ ಹಟ ಹಿಡಿದು ಒಂಬತ್ತು ತಿಂಗಳು ಬಿಟ್ಟವಳು ಹೆರಿಗೆಯಾದ ಮೇಲೆ ಮತ್ತೆ ಶುರು ಮಾಡುವುದು ಎಲ್ಲ ದೇಶಗಳಲ್ಲೂ ಕಾಣುವ ಸಂಗತಿ. ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಅಫೀಮು ಜಾತಿಯ ವಸ್ತುಗಳಿಗೆ ಅವಲಂಬಿತರಾದ ತಾಯಂದಿರ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅತಿಸೇವನೆಯ ಅಪಾಯ ಬಸುರಿನ ಕೊನೆಯ ಮೂರು ತಿಂಗಳಲ್ಲಿ ಅತಿ ಕಡಿಮೆ ಇತ್ತು. ಅತಿ ಹೆಚ್ಚಿದ್ದುದು ಹೆರಿಗೆಯಾಗಿ 7ರಿಂದ 12 ತಿಂಗಳ ನಡುವೆ. ವಸ್ತು ಬೇರೆ, ದೇಶ ಬೇರೆ, ಆದರೆ ಕಾರಣ ನಮಗೂ ಪರಿಚಿತ. ಅಷ್ಟು ಹೊತ್ತಿಗೆ ತಪಾಸಣೆ ಮುಗಿದಿರುತ್ತದೆ, ನೆಂಟರು ಹೋಗಿರುತ್ತಾರೆ, ನಿದ್ರೆ ಕೆಟ್ಟಿರುತ್ತದೆ, ತಾಯಿಯನ್ನು ‘ನೀ ಹ್ಯಾಂಗಿದ್ದಿ?’ ಎಂದು ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಇದಕ್ಕೆ ನೆರವಾಗಬಲ್ಲದು. ಕೆಲಸದ ಹೊರೆ, ಕುಡಿಯುವ ಗಂಡ, ಹಳೆಯ ಅಂಗಡಿ ಎಲ್ಲದರಿಂದ ಅವಳು ಕೆಲವು ತಿಂಗಳು ದೂರವಿರುತ್ತಾಳೆ. ಆದರೆ ಮರಳಿ ಗಂಡನ ಮನೆಗೆ, ಅಲ್ಲಿಂದ ಗಣಿಗೋ ಗುಳೆಗೋ ಹೋದ ದಿನವೇ ಹಳೆಯ ಡಬ್ಬಿ ಕೈಗೆ ಬರುತ್ತದೆ. ಆ ದಿನಕ್ಕೆ ಮೊದಲೇ ತಯಾರಿ ಬೇಕು. ಮನೆಯಲ್ಲಿ ಗಂಡ, ಅತ್ತೆ ತಂಬಾಕು, ಕುಡಿತ ಕಡಿಮೆ ಮಾಡಿದರೆ ಅವಳಿಗೆ ಬಿಟ್ಟೇ ಇರುವುದು ಸುಲಭ. ಗಂಡ ಕುಡಿದು ಹೊಡೆಯುವ ಮನೆಯಲ್ಲಿ ಅವಳೊಬ್ಬಳಿಗೇ ಬುದ್ಧಿ ಹೇಳುವುದರಲ್ಲಿ ಅರ್ಥವಿಲ್ಲ.

ಆಶಾ ಕಾರ್ಯಕರ್ತೆಯರ ಮನೆಭೇಟಿಗಳು ಇದಕ್ಕೆ ಸಿದ್ಧವಾಗಿರುವ ಅವಕಾಶ. ಆಸ್ಪತ್ರೆ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ, ಮುಂದೆ 3ನೇ ತಿಂಗಳಿಂದ 15ನೇ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ ಭೇಟಿ ನಿಗದಿಯಾಗಿದೆ. ಕೂಸನ್ನು ತೂಗುವಾಗ ತಾಯಿಗೂ ಒಂದು ಮಾತು ಕೇಳಿದರೆ ಸಾಕು. ಮತ್ತೆ ಶುರುವಾಗಿದ್ದರೆ ಅದನ್ನು ಸೋಲೆಂದು ನೋಡದೆ, ರಕ್ತದೊತ್ತಡ ಮತ್ತೆ ಏರಿದಂತೆ ನೋಡಿ ಚಿಕಿತ್ಸೆಗೆ ಕಳಿಸಬೇಕು.

ಬಾಣಂತಿಯ ಬಗ್ಗೆ ಇರುವ ನಂಬಿಕೆಗಳೂ ಕೆಲವಿವೆ.

*‘ಬ್ರಾಂದಿ ಕೊಟ್ಟರೆ ಮೈ ಬೆಚ್ಚಗಿರುತ್ತದೆ, ಸೇಂದಿ ಕುಡಿದರೆ ಎದೆಹಾಲು ಹೆಚ್ಚುತ್ತದೆ.’* ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಅನ್ನಿಸುತ್ತದೆ, ಒಳಗಿನ ಶಾಖ ಹೊರಹೋಗುತ್ತದೆ. ಹಾಲಿನ ವಿಷಯದಲ್ಲಿ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೊಷಾಂಪ್ 1991ರಲ್ಲಿ ತೋರಿಸಿದಂತೆ, ತಾಯಿ ಮದ್ಯ ಕುಡಿದ ನಂತರದ ಗಂಟೆಗಳಲ್ಲಿ ಕೂಸು ಕುಡಿದ ಹಾಲು ಕಡಿಮೆಯೇ ಆಯಿತು. ಹಾಲು ಇಳಿಸುವ ಹಾರ್ಮೋನಿಗೂ ಮದ್ಯ ಅಡ್ಡಿ ಮಾಡುತ್ತದೆ.

*‘ತಂಬಾಕು ತಿನ್ನುವವಳು ಹಾಲು ಕುಡಿಸಬಾರದು.’* ನಿಕೋಟಿನ್ ಹಾಲಿಗೆ ಹೋಗುವುದು ನಿಜ. ಆದರೂ ತಂಬಾಕು ಬಿಡಲಾಗದಿದ್ದಾಗ ಕೂಡ ಬಾಟಲಿ ಹಾಲಿಗಿಂತ ಎದೆಹಾಲೇ ಮೇಲು. ಮೊದಲು ಹಾಲು ಕುಡಿಸಿ, ಆನಂತರ ಸಾಧ್ಯವಾದಷ್ಟು ಹೊತ್ತು ತಂಬಾಕು ಮುಂದೂಡಿ, ಕೈ ಬಾಯಿ ತೊಳೆದು ಕೂಸನ್ನು ಎತ್ತಿಕೊಳ್ಳಬೇಕು. ಮದ್ಯ ಕುಡಿದಿದ್ದರೆ ಮಾತ್ರ ಹಲವು ಗಂಟೆ ಕಾಯಬೇಕು. ದಿನವೂ ಮದ್ಯ, ನಿದ್ರೆ ಮಾತ್ರೆ ಅಥವಾ ಕಲಬೆರಕೆ ಸೇಂದಿ ಇದ್ದರೆ ಹಾಲು ಕುಡಿಸುವ ಬಗ್ಗೆ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ಅಮಲಿನಲ್ಲಿ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು. ಈ ನಿಯಮ ತಂದೆಗೂ ಅನ್ವಯಿಸುತ್ತದೆ.

*‘ಅಂಥವಳ ಕೈಗೆ ಕೂಸು ಕೊಡಬಾರದು.’* ಬಸುರಿನಲ್ಲಿ ನಿದ್ರೆ ಮಾತ್ರೆ ಅಥವಾ ಅಫೀಮು ಜಾತಿಯ ವಸ್ತು ಬಳಸಿದ್ದರೆ ಹುಟ್ಟಿದ ಕೂಸಿಗೂ ನಡುಕ, ಕೀರಲು ಅಳು, ಹಾಲು ಚೀಪದಿರುವುದು ಕಾಣಬಹುದು. ಇದಕ್ಕೆ ಚಿಕಿತ್ಸೆ ಇದೆ. ಅಫೀಮು ಜಾತಿಯ ವಸ್ತುಗಳಿಗೆ ಒಡ್ಡಿಕೊಂಡ ಕೂಸುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ತಾಯಿಯ ಮಡಿಲು, ಹಾಲು, ನಿದ್ರೆ, ಸಂತೈಕೆಯನ್ನೇ ಮುಖ್ಯವಾಗಿಟ್ಟು ಆರೈಕೆ ಮಾಡಿದಾಗ ಕೂಸುಗಳು ಸರಾಸರಿ 8 ದಿನದಲ್ಲಿ ಮನೆಗೆ ಹೋಗಲು ಸಿದ್ಧವಾದವು. ಹಳೆಯ ಕ್ರಮದಲ್ಲಿ ಅದಕ್ಕೆ ಸುಮಾರು 15 ದಿನ ಹಿಡಿಯುತ್ತಿತ್ತು.

ಎಲ್ಲಿಗೆ ಹೋಗುವುದು?

ಮೊದಲ ಬಾಗಿಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ನಡೆಯುತ್ತದೆ. ಅಂದು ತಾಯಿ ಕಾರ್ಡಿನ ಜೊತೆ ಈ ವಿಷಯವನ್ನೂ ಹೇಳಿಕೊಳ್ಳಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನ ದಿನವನ್ನು ಆಶಾ ಕಾರ್ಯಕರ್ತೆಯಿಂದ ತಿಳಿದುಕೊಂಡು ಹೋಗಿ. ನಡುಕ, ಫಿಟ್ಸ್, ಗೊಂದಲ ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ. ಹೆರಿಗೆ ತಜ್ಞರೂ ಮನೋವೈದ್ಯರೂ ಒಂದೇ ಕಡೆ ಬೇಕಾದಾಗ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಕೂಸನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗವಿದೆ.

ಫೋನಿನಲ್ಲೂ ನೆರವಿದೆ. ತಂಬಾಕು ಬಿಡಲು 1800-11-2356, ಮದ್ಯ ಮತ್ತು ಮಾದಕ ವಸ್ತುಗಳಿಗೆ 14446, ಮನಸ್ಸಿನ ಯಾವುದೇ ಸಂಕಟಕ್ಕೆ ಟೆಲಿ ಮಾನಸ್ 14416. ಕರೆ ಉಚಿತ, ಹೆಸರು ಊರಿಗೆ ಗೊತ್ತಾಗುವುದಿಲ್ಲ.

ಕೊರತೆಗಳೂ ಇವೆ. ವ್ಯಸನಮುಕ್ತಿ ಕೇಂದ್ರ ಎಂದರೆ ಬಹುತೇಕ ಕಡೆ ಗಂಡಸರ ಜಾಗ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವ ಬಾಣಂತಿಗೆ ಅಲ್ಲಿ ಹಾಸಿಗೆ ಸಿಗುವುದು ಕಷ್ಟ. ಚಿಂಚೋಳಿಯ ತಾಂಡಾದಿಂದ ಕಲಬುರಗಿಗೆ ಬಂದು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಪರಿಹಾರ ಹತ್ತಿರದಲ್ಲೇ ಇರಬೇಕು. ಅದು ಅಸಾಧ್ಯವೇನಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಕಾರ್ಯಕರ್ತೆಯರೇ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಚಿಕಿತ್ಸೆ ಕೊಡಬಲ್ಲರು ಎಂಬುದನ್ನು 1980ರ ದಶಕದಲ್ಲಿ ದೇಶಕ್ಕೆ ತೋರಿಸಿದ್ದು ನಮ್ಮದೇ ಭಾಗದ ಬಳ್ಳಾರಿ ಜಿಲ್ಲೆ. ಇವತ್ತಿನ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದು ಆ ಪ್ರಯೋಗದಿಂದ. ಬಸುರಿ, ಬಾಣಂತಿಯರ ಅವಲಂಬನೆಯ ಚಿಕಿತ್ಸೆಯನ್ನೂ ಅದೇ ದಾರಿಯಲ್ಲಿ ತರಬಹುದು.

ಅಲ್ಲಿಯವರೆಗೆ ಮನೆಯವರು ನೆನಪಿಡಬೇಕಾದ್ದು ಇಷ್ಟು. ತಂಬಾಕು, ಗುಟ್ಕಾ, ಮಿಶ್ರಿಯನ್ನು ಇವತ್ತೇ ಬಿಡಿಸಿ, ಮೂರು ದಿನ ಜೊತೆಗಿರಿ. ಅಪರೂಪದ ಕುಡಿತವನ್ನೂ ಇವತ್ತೇ ನಿಲ್ಲಿಸಿ. ದಿನದ ಕುಡಿತ, ಕಲಬೆರಕೆ ಸೇಂದಿ, ನಿದ್ರೆ ಮಾತ್ರೆ ಇದ್ದರೆ ಮನೆಯಲ್ಲಿ ಬಿಡಿಸಲು ಹೋಗದೆ ಇವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹೆರಿಗೆಯಾಯಿತೆಂದು ಕೈಬಿಡದೆ ಕೂಸಿಗೆ ವರ್ಷ ತುಂಬುವವರೆಗೆ ತಾಯಿಯನ್ನೂ ವಿಚಾರಿಸುತ್ತಿರಿ.